ಲಕ್ವದ ನಂತರ ಮತ್ತೆ ನಡಿಗೆ: ಯಂತ್ರ ಎಷ್ಟರಮಟ್ಟಿಗೆ ನೆರವಾದೀತು?

ಪಾರ್ಶ್ವವಾಯು, ಲಕ್ವ, ಅರ್ಧಾಂಗವಾಯು - ಹೆಸರು ಯಾವುದಾದರೂ ಕಾಯಿಲೆ ಒಂದೇ. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲು ಹೋದರೆ ಒಂದು ಕೈ, ಒಂದು ಕಾಲು ಮಾತು ಕೇಳುವುದಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಗಿರುತ್ತದೆ, ಮಾತು ತೊದಲುತ್ತದೆ. ಆಸ್ಪತ್ರೆಗೆ ಸೇರಿಸಿ ಪ್ರಾಣಾಪಾಯ ಕಳೆಯಿತು ಎಂದಾದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ: 'ಡಾಕ್ಟ್ರೇ, ಇವರು ಮತ್ತೆ ಮೊದಲಿನ ಹಾಗೆ ಓಡಾಡುತ್ತಾರಾ?' ಈಚಿನ ವರ್ಷಗಳಲ್ಲಿ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತಿದೆ. 'ದೊಡ್ಡ ಆಸ್ಪತ್ರೆಗಳಲ್ಲಿ ರೋಬೋಟ್ ಕಟ್ಟಿ ನಡೆಸುತ್ತಾರಂತೆ. ಅಲ್ಲಿಗೆ ಕರೆದುಕೊಂಡು ಹೋಗೋಣವೆ? ಒಡವೆ ಅಡವಿಟ್ಟಾದರೂ ದುಡ್ಡು ಹೊಂದಿಸುತ್ತೇವೆ.'

ಒಡವೆ ಅಡವಿಡುವ ಮುನ್ನ ಈ ಚಿಕಿತ್ಸೆ ಎಂದರೇನು, ಅದು ಯಾರಿಗೆ ಫಲ ಕೊಡುತ್ತದೆ, ಯಾರಿಗೆ ಕೊಡುವುದಿಲ್ಲ ಎಂಬುದನ್ನು ಮನೆಯವರು ತಿಳಿದಿರುವುದು ಒಳ್ಳೆಯದು. ಈ ವಾರ ಅದನ್ನೇ ವಿಚಾರ ಮಾಡೋಣ.

ನಡಿಗೆ ಏಕೆ ನಿಲ್ಲುತ್ತದೆ?

ಲಕ್ವ ಹೊಡೆದಾಗ ಕಾಯಿಲೆ ಇರುವುದು ಕಾಲಿನಲ್ಲಲ್ಲ, ಮಿದುಳಿನಲ್ಲಿ. ಮಿದುಳಿಗೆ ರಕ್ತ ಒಯ್ಯುವ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗುತ್ತದೆ, ಇಲ್ಲವೆ ಒಡೆದು ರಕ್ತ ಸೋರುತ್ತದೆ. ಆ ಭಾಗದ ನರಕೋಶಗಳು ರಕ್ತವಿಲ್ಲದೆ ಸಾಯುತ್ತವೆ. ಮಿದುಳಿನಿಂದ ಹೊರಟ ನರತಂತುಗಳು ಬೆನ್ನುಹುರಿಗೆ ಇಳಿಯುವ ಮುನ್ನ ಎಡಬಲ ಅದಲುಬದಲಾಗುತ್ತವೆ. ಆದ್ದರಿಂದ ಮಿದುಳಿನ ಬಲಭಾಗಕ್ಕೆ ಪೆಟ್ಟಾದರೆ ಎಡಗೈ ಎಡಗಾಲು, ಎಡಭಾಗಕ್ಕೆ ಪೆಟ್ಟಾದರೆ ಬಲಗೈ ಬಲಗಾಲು ಸೋಲುತ್ತವೆ.

ಕಾಲಿನ ಮೂಳೆ, ಸ್ನಾಯು, ಕೀಲು ಎಲ್ಲವೂ ಸರಿಯಾಗಿಯೇ ಇರುತ್ತವೆ. ಅವಕ್ಕೆ ಬರಬೇಕಾದ ಅಪ್ಪಣೆ ಬರುವುದಿಲ್ಲ, ಅಷ್ಟೆ. ಕಾಲಿಗೆ ಎಷ್ಟೇ ಎಣ್ಣೆ ತಿಕ್ಕಿದರೂ ಅದೊಂದರಿಂದಲೇ ನಡಿಗೆ ಬಾರದಿರುವುದಕ್ಕೆ ಇದೇ ಕಾರಣ. ತಿಕ್ಕುವುದರಿಂದ ರೋಗಿಗೆ ಹಿತವೆನಿಸಬಹುದು, ಆದರೆ ಮಿದುಳು ಅದರಿಂದ ನಡೆಯುವುದನ್ನು ಕಲಿಯುವುದಿಲ್ಲ.

ಹಾಗಾದರೆ ಎಷ್ಟೋ ಜನ ಚೇತರಿಸಿಕೊಳ್ಳುವುದು ಹೇಗೆ? ಸತ್ತ ನರಕೋಶಗಳು ಮತ್ತೆ ಹುಟ್ಟುವುದಿಲ್ಲ ನಿಜ. ಆದರೆ ಅವುಗಳ ಸುತ್ತ ಉಳಿದಿರುವ ಕೋಶಗಳು ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು, ಕಳೆದುಹೋದ ಕೆಲಸದ ಒಂದಷ್ಟು ಪಾಲನ್ನು ಹೊತ್ತುಕೊಳ್ಳಬಲ್ಲವು. ಇನ್ನೊಂದು ಅನುಕೂಲವೂ ಇದೆ. ಎರಡು ಕಾಲುಗಳನ್ನು ಒಂದಾದ ಮೇಲೊಂದರಂತೆ ಚಲಿಸುವ ತಾಳ ಬೆನ್ನುಹುರಿಯಲ್ಲಿಯೇ ಅಡಗಿದೆ ಎಂಬುದನ್ನು ಬ್ರಿಟನ್ನಿನ ಶರೀರಶಾಸ್ತ್ರಜ್ಞ ಥಾಮಸ್ ಗ್ರಹಾಂ ಬ್ರೌನ್ 1911ರಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಮನುಷ್ಯನ ನಡಿಗೆಗೆ ಮಿದುಳಿನ ಆಸರೆ ಬೆಕ್ಕಿಗಿಂತ ಬಹಳ ಹೆಚ್ಚು ಬೇಕು. ಆದರೂ ಬೆನ್ನುಹುರಿಯ ಈ ತಾಳವನ್ನು ಎಚ್ಚರಿಸಬಹುದೆಂಬ ಆಸೆಯೇ ಮುಂದೆ ಬಂದ ನಡಿಗೆ ತರಬೇತಿಗಳಿಗೆ ದಾರಿ ಮಾಡಿತು.

ಮಿದುಳು ಹೊಸದಾಗಿ ಕಲಿಯಬೇಕಾದರೆ ಎರಡು ಷರತ್ತುಗಳಿವೆ. ಒಂದು, ಯಾವ ಕೆಲಸ ಬರಬೇಕೋ ಅದೇ ಕೆಲಸವನ್ನು ಮಾಡಿಸಬೇಕು. ಈಜು ಬರಬೇಕಾದರೆ ನೀರಿಗೆ ಇಳಿಯಬೇಕು. ನಡಿಗೆ ಬರಬೇಕಾದರೆ ನಿಂತು ಹೆಜ್ಜೆ ಹಾಕಬೇಕು. ಎರಡು, ಅದನ್ನು ಹತ್ತಿಪ್ಪತ್ತು ಬಾರಿಯಲ್ಲ, ನೂರಾರು ಬಾರಿ ಮಾಡಿಸಬೇಕು. ಇದಕ್ಕೆ ಅತ್ಯಂತ ಫಲವತ್ತಾದ ಕಾಲ ಮೊದಲ ಮೂರು ತಿಂಗಳು. ಆರು ತಿಂಗಳ ನಂತರ ಸುಧಾರಣೆಯ ವೇಗ ತಗ್ಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ.

ಯಂತ್ರ ಏಕೆ ಬೇಕಾಯಿತು?

ನಿಲ್ಲಲೂ ಆಗದ ರೋಗಿಯನ್ನು ನಡೆಸುವುದು ಸುಲಭದ ಮಾತಲ್ಲ. ಒಬ್ಬರು ಹಿಂದಿನಿಂದ ಸೊಂಟ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಕುಳಿತು ಸೋತ ಕಾಲನ್ನು ಎತ್ತಿ ಎತ್ತಿ ಮುಂದಿಡಬೇಕು. ಸ್ವಲ್ಪ ಹೊತ್ತಿನಲ್ಲಿಯೇ ರೋಗಿಗಿಂತ ಮೊದಲು ಫಿಸಿಯೋಥೆರಪಿಸ್ಟರ ಬೆನ್ನು ಸೋಲುತ್ತದೆ. ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಕುಳಿತು ಎಣಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ನಡಿಗೆಯ ಅಭ್ಯಾಸ ನಡೆದ ಒಂದು ಸರದಿಯಲ್ಲಿ ಲಕ್ವದ ರೋಗಿ ಹಾಕುತ್ತಿದ್ದುದು ಸರಾಸರಿ 357 ಹೆಜ್ಜೆ ಮಾತ್ರ. ಆರೋಗ್ಯವಂತರು ಮನೆಯೊಳಗೇ ಓಡಾಡುತ್ತ ಅಷ್ಟು ಹೆಜ್ಜೆಯನ್ನು ಅರಿವಿಲ್ಲದೆ ಮುಗಿಸಿಬಿಡುತ್ತಾರೆ.

ಈ ಕೊರತೆಯನ್ನು ತುಂಬಲು ಹುಟ್ಟಿದ್ದೇ ಯಂತ್ರ. ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದ ಬಾಲ್‌ಗ್ರಿಸ್ಟ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ರೋಗಿಗಳಿಗಾಗಿ ಎಂಜಿನಿಯರ್ ಗೇರಿ ಕೊಲಂಬೊ ಮತ್ತು ಸಂಗಡಿಗರು ಇಂಥದೊಂದನ್ನು ರೂಪಿಸಿದರು. 1996ರಲ್ಲಿ ಹೊಕೋಮಾ ಎಂಬ ಕಂಪನಿ ಹುಟ್ಟಿತು. ಅದರ 'ಲೋಕೋಮ್ಯಾಟ್' ಯಂತ್ರ 2001ರಿಂದ ಆಸ್ಪತ್ರೆಗಳಿಗೆ ಬರತೊಡಗಿತು. ಇಂದು ಬಳಕೆಯಲ್ಲಿರುವ ನಡಿಗೆ ಯಂತ್ರಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಲೋಕೋಮ್ಯಾಟ್ ಬಗೆಯದು. ಕೆಳಗೆ ಹಿಂದಕ್ಕೆ ಸರಿಯುತ್ತಲೇ ಇರುವ ಪಟ್ಟಿ, ಅಂದರೆ ಟ್ರೆಡ್‌ಮಿಲ್. ಮೇಲೆ ರೋಗಿಯ ಭಾರವನ್ನು ಎತ್ತಿಹಿಡಿಯುವ ತೂಗುಪಟ್ಟಿ. ಎರಡೂ ಕಾಲಿಗೆ ಕವಚದಂತೆ ಕಟ್ಟಿದ ಲೋಹದ ತೋಳುಗಳು. ಅವುಗಳ ಸೊಂಟ ಮತ್ತು ಮಂಡಿಯ ಜಾಗದಲ್ಲಿ ಮೋಟಾರುಗಳಿದ್ದು ಕಾಲನ್ನು ನಡಿಗೆಯ ರೀತಿಯಲ್ಲಿ ಮಡಿಸಿ ಚಾಚುತ್ತವೆ.

ಎರಡನೆಯದು ಬರ್ಲಿನ್ನಿನ ವೈದ್ಯ ಸ್ಟೆಫಾನ್ ಹೆಸ್ಸೆ ಅವರ ತಂಡ ರೂಪಿಸಿದ 'ಗೈಟ್ ಟ್ರೈನರ್' ಬಗೆಯದು. ಇಲ್ಲಿ ಕಾಲಿಗೆ ಕವಚವಿಲ್ಲ. ಪಾದಗಳನ್ನು ಎರಡು ಹಲಗೆಗಳ ಮೇಲೆ ಕಟ್ಟಲಾಗುತ್ತದೆ. ಹಲಗೆಗಳು ಹೆಜ್ಜೆ ಇಟ್ಟಂತೆ ಹಿಂದೆ ಮುಂದೆ ಚಲಿಸುತ್ತವೆ. ಸೊಂಟ, ಮಂಡಿಗಳನ್ನು ಹತೋಟಿಯಲ್ಲಿಡುವ ಕೆಲಸ ರೋಗಿಯದು.

ಮೂರನೆಯದು ಮೈಮೇಲೆ ತೊಡುವ ಯಂತ್ರ. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಯೋಶಿಯುಕಿ ಸಂಕಾಯಿ ರೂಪಿಸಿದ 'ಹಾಲ್', ಅಮೆರಿಕದ 'ಎಕ್ಸೋ' ಇಂಥವು. ಹಾಲ್ ಯಂತ್ರವು ರೋಗಿ ಕಾಲೆತ್ತಲು ಯತ್ನಿಸಿದಾಗ ಚರ್ಮದ ಮೇಲೆ ಸಿಗುವ ಕ್ಷೀಣ ವಿದ್ಯುತ್ ಸಂಕೇತವನ್ನು ಗ್ರಹಿಸಿ ನೆರವು ನೀಡುತ್ತದೆ. ಎಕ್ಸೋ ಯಂತ್ರವನ್ನು ಲಕ್ವದ ರೋಗಿಗಳಿಗೆ ಬಳಸಲು ಅಮೆರಿಕ ಸರ್ಕಾರದ ಔಷಧ ನಿಯಂತ್ರಣ ಇಲಾಖೆ 2016ರಲ್ಲಿ ಅನುಮತಿ ಕೊಟ್ಟಿತು. ಇವನ್ನು ತೊಟ್ಟವರು ನೆಲದ ಮೇಲೆಯೇ ನಡೆಯುತ್ತಾರೆ.

ತರಬೇತಿ ನಡೆಯುವ ಬಗೆ

ಮೊದಲು ರೋಗಿಯ ತೊಡೆ, ಕಾಲುಗಳ ಅಳತೆ ತೆಗೆದು ಯಂತ್ರವನ್ನು ಹೊಂದಿಸುತ್ತಾರೆ. ಕಟ್ಟಿ ಬಿಚ್ಚುವುದಕ್ಕೇ ಸಾಕಷ್ಟು ಸಮಯ ಹಿಡಿಯುತ್ತದೆ. ನಡಿಗೆ ಸಾಮಾನ್ಯವಾಗಿ 20ರಿಂದ 30 ನಿಮಿಷ. ಅಷ್ಟರಲ್ಲಿ ಸಾವಿರದಷ್ಟು ಹೆಜ್ಜೆಗಳು ಬೀಳುತ್ತವೆ. ಮೊದಮೊದಲು ದೇಹಭಾರದ ದೊಡ್ಡ ಪಾಲನ್ನು ಯಂತ್ರ ಹೊರುತ್ತದೆ. ದಿನ ಕಳೆದಂತೆ ಭಾರವನ್ನು ರೋಗಿಯ ಕಾಲಿಗೆ ಬಿಡುತ್ತ, ಮೋಟಾರಿನ ನೆರವನ್ನು ಕಡಿಮೆ ಮಾಡುತ್ತ, ವೇಗವನ್ನು ಹೆಚ್ಚಿಸುತ್ತ ಹೋಗಬೇಕು. ಎದುರಿನ ಪರದೆಯಲ್ಲಿ ರೋಗಿ ಎಷ್ಟು ಪ್ರಯತ್ನಪಡುತ್ತಿದ್ದಾರೆಂಬುದು ಕಾಣಿಸುತ್ತಿರುತ್ತದೆ.

ಇಲ್ಲೊಂದು ಮುಖ್ಯ ಸಂಗತಿ ಇದೆ. ಯಂತ್ರ ಕಾಲನ್ನು ಎತ್ತಿ ಇಡುತ್ತದೆ ಎಂದು ರೋಗಿ ಸುಮ್ಮನೆ ತೂಗಾಡುತ್ತಿದ್ದರೆ ನಡೆಯುತ್ತಿರುವುದು ಯಂತ್ರವೇ ಹೊರತು ರೋಗಿಯಲ್ಲ. ಅಪ್ಪ ಕೈ ಹಿಡಿದು ಬರೆಸಿದ ಅಕ್ಷರ ಮಗುವಿಗೆ ಬರುವುದು, ಮಗು ತಾನೂ ಬೆರಳನ್ನು ಒತ್ತಿದಾಗ ಮಾತ್ರ. ಆದ್ದರಿಂದ ನಡೆಯುವಾಗ ರೋಗಿ ಪ್ರತಿ ಹೆಜ್ಜೆಯಲ್ಲೂ ಮನಸ್ಸಿಟ್ಟು ಕಾಲೆತ್ತಲು ಯತ್ನಿಸಬೇಕು. ಪಕ್ಕದಲ್ಲಿ ಅನುಭವಿ ಫಿಸಿಯೋಥೆರಪಿಸ್ಟ್ ಇರಲೇಬೇಕು. ಯಂತ್ರ ಅವರ ಬೆನ್ನಿನ ಶ್ರಮ ಉಳಿಸುತ್ತದೆ, ಅವರ ಕಣ್ಣು ಮತ್ತು ತೀರ್ಮಾನದ ಜಾಗವನ್ನು ತುಂಬುವುದಿಲ್ಲ.

ಅಧ್ಯಯನಗಳು ಏನು ಹೇಳುತ್ತವೆ?

2007ರಲ್ಲಿ ಜರ್ಮನಿಯ ನಾಲ್ಕು ಕೇಂದ್ರಗಳ ಅಧ್ಯಯನವೊಂದು ಪ್ರಕಟವಾಯಿತು. ಲಕ್ವ ಹೊಡೆದು ಹೆಚ್ಚು ದಿನವಾಗದ, ಸ್ವಂತ ಬಲದಿಂದ ನಡೆಯಲಾಗದ 155 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 20 ನಿಮಿಷ ಹಲಗೆ ಯಂತ್ರ, 25 ನಿಮಿಷ ಫಿಸಿಯೋಥೆರಪಿ. ಇನ್ನೊಂದಕ್ಕೆ 45 ನಿಮಿಷವೂ ಫಿಸಿಯೋಥೆರಪಿಯೇ. ನಾಲ್ಕು ವಾರಗಳ ನಂತರ ಮೊದಲ ಗುಂಪಿನ 77 ಜನರಲ್ಲಿ 41 ಮಂದಿ, ಎರಡನೆಯ ಗುಂಪಿನ 78 ಜನರಲ್ಲಿ 17 ಮಂದಿ ಇನ್ನೊಬ್ಬರ ಆಸರೆಯಿಲ್ಲದೆ ನಡೆಯುತ್ತಿದ್ದರು. ಇದು ಸಣ್ಣ ವ್ಯತ್ಯಾಸವಲ್ಲ.

ಆದರೆ ಎಲ್ಲ ಅಧ್ಯಯನಗಳೂ ಹೀಗೆ ಹೇಳಲಿಲ್ಲ. 2008 ಮತ್ತು 2009ರಲ್ಲಿ ಅಮೆರಿಕದಿಂದ ಬಂದ ಎರಡು ಅಧ್ಯಯನಗಳಲ್ಲಿ ಫಲಿತಾಂಶ ತಿರುಗುಮುರುಗಾಯಿತು. ಒಂದರಲ್ಲಿ 48, ಇನ್ನೊಂದರಲ್ಲಿ 63 ರೋಗಿಗಳಿದ್ದರು. ಆಗಲೇ ಅಷ್ಟಿಷ್ಟು ನಡೆಯುತ್ತಿದ್ದವರು. ಕವಚದ ಯಂತ್ರದಲ್ಲಿ ನಡೆದವರಿಗಿಂತ ಫಿಸಿಯೋಥೆರಪಿಸ್ಟರ ಕೈಯಲ್ಲಿ ತರಬೇತಾದವರ ನಡಿಗೆಯ ವೇಗವೇ ಹೆಚ್ಚು ಸುಧಾರಿಸಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ನಡೆಯಬಲ್ಲವರನ್ನು ಕವಚದೊಳಗೆ ಕಟ್ಟಿದರೆ ಸಮತೋಲ ಕಾಯ್ದುಕೊಳ್ಳುವ, ತೂಕವನ್ನು ಕಾಲಿಂದ ಕಾಲಿಗೆ ಬದಲಿಸುವ, ಎಡವಿದರೆ ಸಾವರಿಸಿಕೊಳ್ಳುವ ಕಷ್ಟವೇ ಅವರಿಗೆ ಇರುವುದಿಲ್ಲ. ಕಷ್ಟವಿಲ್ಲದೆ ಕಲಿಕೆಯೂ ಇಲ್ಲ.

2011ರಲ್ಲಿ ಅಮೆರಿಕದಲ್ಲಿಯೇ 408 ರೋಗಿಗಳ ದೊಡ್ಡ ಅಧ್ಯಯನವೊಂದರ ವರದಿ ಬಂತು. ಇದರಲ್ಲಿ ರೋಬೋಟ್ ಇರಲಿಲ್ಲ. ತೂಗುಪಟ್ಟಿ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸುವುದನ್ನು, ಫಿಸಿಯೋಥೆರಪಿಸ್ಟರು ಮನೆಗೇ ಹೋಗಿ ಬಲ ಮತ್ತು ಸಮತೋಲದ ವ್ಯಾಯಾಮ ಮಾಡಿಸುವುದರೊಂದಿಗೆ ಹೋಲಿಸಿದ್ದರು. ಒಂದು ವರ್ಷದ ಕೊನೆಗೆ ಒಟ್ಟು ರೋಗಿಗಳಲ್ಲಿ ಶೇ. 52 ಮಂದಿ ಮೊದಲಿಗಿಂತ ಮೇಲಿನ ಹಂತದ ನಡಿಗೆಗೆ ಬಂದಿದ್ದರು. ಗುಂಪು ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮನೆಯ ವ್ಯಾಯಾಮವನ್ನು ಕೀಳಾಗಿ ಕಾಣುವವರು ಈ ಫಲಿತಾಂಶವನ್ನು ನೆನಪಿಡಬೇಕು.

ಈ ಎಲ್ಲ ಬಿಡಿ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ 2020ರಲ್ಲಿ ಪರಿಷ್ಕರಣೆಗೊಂಡಿತು. ಅದರಲ್ಲಿ 62 ಅಧ್ಯಯನಗಳು, 2,440 ರೋಗಿಗಳು. ಫಿಸಿಯೋಥೆರಪಿಯ ಜೊತೆಗೆ ಯಂತ್ರವನ್ನೂ ಬಳಸಿದರೆ ಸ್ವತಂತ್ರವಾಗಿ ನಡೆಯುವವರ ಸಂಖ್ಯೆ ಹೆಚ್ಚುತ್ತದೆ ಎಂಬುದು ಅದರ ತೀರ್ಮಾನ. ಹೆಚ್ಚುವುದು ಎಷ್ಟು? ಸ್ಥೂಲವಾಗಿ ಹೇಳುವುದಾದರೆ ಏಳೆಂಟು ಮಂದಿಗೆ ಯಂತ್ರ ಚಿಕಿತ್ಸೆ ಕೊಟ್ಟರೆ, ಅದಿಲ್ಲದೆ ಪರಾವಲಂಬಿಯಾಗಿ ಉಳಿಯುತ್ತಿದ್ದ ಒಬ್ಬರು ಸ್ವತಂತ್ರವಾಗಿ ನಡೆಯುತ್ತಾರೆ. ಹೆಚ್ಚು ಲಾಭ ಪಡೆಯುವವರು, ಲಕ್ವ ಹೊಡೆದು ಮೂರು ತಿಂಗಳೊಳಗಿರುವವರು ಮತ್ತು ಇನ್ನೂ ನಡೆಯಲಾಗದವರು.

ಯಾರಿಗೆ ಸೂಕ್ತ, ಯಾರಿಗೆ ಬೇಡ?

ಮೇಲಿನ ವಿವರದಿಂದ ಒಂದು ಸ್ಪಷ್ಟ ಚಿತ್ರ ಸಿಗುತ್ತದೆ. ಲಕ್ವ ಹೊಡೆದು ಕೆಲವು ವಾರಗಳಾಗಿವೆ, ರೋಗಿಗೆ ಪ್ರಜ್ಞೆ ಸರಿಯಿದೆ, ಹೇಳಿದ್ದು ಅರ್ಥವಾಗುತ್ತದೆ, ಆದರೆ ಕಾಲಿಗೆ ಹೆಜ್ಜೆ ಹಾಕುವಷ್ಟು ಬಲವಿಲ್ಲ - ಇಂಥವರಿಗೆ ಯಂತ್ರ ನಿಜವಾಗಿ ನೆರವಾಗಬಹುದು. ಕೋಲು ಹಿಡಿದು ಆಗಲೇ ಮನೆಯೊಳಗೆ ಓಡಾಡುತ್ತಿರುವವರಿಗೆ ಯಂತ್ರದಿಂದ ವಿಶೇಷ ಲಾಭವಿಲ್ಲ. ಅವರು ನೆಲದ ಮೇಲೆ ಹೆಚ್ಚು ಹೆಚ್ಚು ನಡೆಯುವುದೇ ಮೇಲು. ವರ್ಷಗಳ ಹಿಂದೆ ಲಕ್ವವಾಗಿ ಹಾಸಿಗೆ ಹಿಡಿದವರಿಗೆ 'ಯಂತ್ರ ಕಟ್ಟಿದರೆ ಎದ್ದು ನಡೆಯುತ್ತಾರೆ' ಎಂದು ಯಾರಾದರೂ ಭರವಸೆ ಕೊಟ್ಟರೆ ಕೂಡಲೇ ನಂಬಬೇಡಿ.

ಮೂಳೆ ಮುರಿದು ಇನ್ನೂ ಕೂಡದವರು, ಮೂಳೆಗಳು ಬಹಳ ಟೊಳ್ಳಾದವರು, ಹೃದಯದ ಸ್ಥಿತಿ ಸರಿಯಿಲ್ಲದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಪಟ್ಟಿ ಕಟ್ಟುವ ಜಾಗದಲ್ಲಿ ಹುಣ್ಣಿರುವವರು, ಮಂಡಿ ಸೊಂಟದ ಕೀಲು ಮಡಿಸಿದಂತೆಯೇ ಬಿಗಿದುಕೊಂಡವರು ಯಂತ್ರ ಏರುವಂತಿಲ್ಲ. ಮೊದಲ ದಿನವೇ ಆತುರಪಡುವುದೂ ಸರಿಯಲ್ಲ. 2,104 ರೋಗಿಗಳ ಮೇಲೆ ಐದು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಕ್ವ ಹೊಡೆದ 24 ಗಂಟೆಯೊಳಗೇ ಪದೇ ಪದೇ ಎಬ್ಬಿಸಿ ನಿಲ್ಲಿಸಿ ನಡೆಸಿದವರಲ್ಲಿ ಮೂರು ತಿಂಗಳ ಹೊತ್ತಿಗೆ ಚೆನ್ನಾಗಿದ್ದವರು ಶೇ. 46, ವಾಡಿಕೆಯಂತೆ ನೋಡಿಕೊಂಡವರಲ್ಲಿ ಶೇ. 50. ಯಾವಾಗ, ಎಷ್ಟು ಎಬ್ಬಿಸಬೇಕೆಂಬುದನ್ನು ಚಿಕಿತ್ಸೆ ಮಾಡುತ್ತಿರುವ ವೈದ್ಯರಿಗೆ ಬಿಡಿ.

ಹಣ ಕಟ್ಟುವ ಮುನ್ನ

ಇಂಥ ದೊಡ್ಡ ಯಂತ್ರಗಳ ಬೆಲೆ ಕೋಟಿ ರೂಪಾಯಿಗಳ ಲೆಕ್ಕದಲ್ಲಿದೆ. ಆ ಖರ್ಚು ರೋಗಿಯ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವುದು ಸಹಜ. ಮನೆಯವರು ಸಂಕೋಚವಿಲ್ಲದೆ ಈ ಪ್ರಶ್ನೆಗಳನ್ನು ಕೇಳಬೇಕು:

1. ಇವರ ಈಗಿನ ಸ್ಥಿತಿಗೆ ಯಂತ್ರ ಏಕೆ ಬೇಕು? ಫಿಸಿಯೋಥೆರಪಿ ಮಾತ್ರ ಸಾಲದೆ?

2. ಯಂತ್ರದ ಜೊತೆಗೆ ಫಿಸಿಯೋಥೆರಪಿಸ್ಟರು ದಿನಕ್ಕೆ ಎಷ್ಟು ಹೊತ್ತು ಕೈಯಾರೆ ಕೆಲಸ ಮಾಡುತ್ತಾರೆ? 'ಯಂತ್ರ ಮಾತ್ರ' ಎಂದರೆ ಹಿಂದೇಟು ಹಾಕಿ.

3. ವಾರಕ್ಕೆ ಎಷ್ಟು ಸರದಿ, ಒಟ್ಟು ಎಷ್ಟು, ಪೂರ್ತಿ ಖರ್ಚು ಎಷ್ಟು? ವಿಮೆ ಇದ್ದರೆ ಅದರಲ್ಲಿ ಇದು ಸೇರುತ್ತದೆಯೆ?

4. ಸುಧಾರಣೆಯನ್ನು ಹೇಗೆ ಅಳೆಯುತ್ತೀರಿ? ಹತ್ತು ಮೀಟರ್ ನಡೆಯಲು ಎಷ್ಟು ಸೆಕೆಂಡು, ಆರು ನಿಮಿಷದಲ್ಲಿ ಎಷ್ಟು ದೂರ ಎಂಬ ಸರಳ ಅಳತೆಗಳನ್ನು ಮೊದಲ ದಿನವೂ, ಎರಡು ಮೂರು ವಾರಕ್ಕೊಮ್ಮೆಯೂ ಬರೆದಿಡಲು ಹೇಳಿ. ಅಂಕಿ ಮೇಲೇರದಿದ್ದರೆ ಮುಂದುವರಿಸುವ ಬಗ್ಗೆ ಮತ್ತೆ ಯೋಚಿಸಬೇಕು.

5. ಮನೆಯಲ್ಲಿ ನಾವೇನು ಮಾಡಬೇಕು? ಇದಕ್ಕೆ ಉತ್ತರ ಕೊಡದ ಕೇಂದ್ರ, ಯಂತ್ರ ಎಷ್ಟೇ ಹೊಸದಾಗಿದ್ದರೂ, ಅರ್ಧ ಚಿಕಿತ್ಸೆಯನ್ನಷ್ಟೇ ಕೊಡುತ್ತಿದೆ.

ಯಂತ್ರವಿಲ್ಲದ ಊರಿನವರು ಏನು ಮಾಡಬೇಕು?

ನಾನು ಮತ್ತೆ ಮತ್ತೆ ಕಾಣುವ ದುಃಖದ ಸಂಗತಿ ಒಂದಿದೆ. ಆಸ್ಪತ್ರೆಯಿಂದ ಬಂದ ರೋಗಿಯನ್ನು 'ಸುಸ್ತಾಗುತ್ತದೆ, ಮಲಗಿರಲಿ' ಎಂದು ಮೂರು ತಿಂಗಳು ಮಂಚದ ಮೇಲೆಯೇ ಬಿಡುತ್ತಾರೆ. ಅಷ್ಟರಲ್ಲಿ ಪಾದ ಕೆಳಮುಖವಾಗಿ ಬಿಗಿದುಕೊಂಡು ನೆಲಕ್ಕೆ ಹಿಮ್ಮಡಿ ಊರದಂತಾಗುತ್ತದೆ. ಆಮೇಲೆ ಸಾಲ ಮಾಡಿ ದೊಡ್ಡ ಊರಿನ ಯಂತ್ರ ಹುಡುಕಿಕೊಂಡು ಹೊರಡುತ್ತಾರೆ. ಆ ಹೊತ್ತಿಗೆ ಹಣಕ್ಕಿಂತ ಬೆಲೆಬಾಳುವ ಮೂರು ತಿಂಗಳು ಕಳೆದುಹೋಗಿರುತ್ತದೆ. ಇನ್ನು ಕೆಲವರು ಪಾರಿವಾಳದ ರಕ್ತ ಹಚ್ಚಿಸುತ್ತ ಕಾಲ ಕಳೆಯುತ್ತಾರೆ. ಅದರಿಂದ ಯಾವ ಪ್ರಯೋಜನವೂ ಇಲ್ಲ.

ಹಾಗೆಂದು ಮನೆಯವರೇ ಎಲ್ಲವನ್ನೂ ಮಾಡಿಬಿಡಬಹುದೆ? ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮನೆಯ ಒಬ್ಬರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದ ಗುಂಪಿಗೂ, ವಾಡಿಕೆಯ ಆರೈಕೆ ಪಡೆದ ಗುಂಪಿಗೂ ಆರು ತಿಂಗಳ ನಂತರ ವ್ಯತ್ಯಾಸ ಕಾಣಲಿಲ್ಲ; ಎರಡರಲ್ಲೂ ಶೇ. 47 ಮಂದಿ ತೀರಿಕೊಂಡಿದ್ದರು ಇಲ್ಲವೆ ಪರಾವಲಂಬಿಗಳಾಗಿದ್ದರು. ಮನೆಯವರ ಪ್ರೀತಿ ಫಿಸಿಯೋಥೆರಪಿಸ್ಟರ ವಿದ್ಯೆಗೆ ಬದಲಿಯಲ್ಲ ಎಂಬುದು ಇದರಿಂದ ನಾನು ಕಲಿತ ಪಾಠ. ಆದ್ದರಿಂದ ವಾರಕ್ಕೆ ಎರಡು ಮೂರು ಬಾರಿಯಾದರೂ ಫಿಸಿಯೋಥೆರಪಿಸ್ಟರಿಗೆ ತೋರಿಸಿ. ಉಳಿದ ದಿನ ಅವರು ಹೇಳಿಕೊಟ್ಟದ್ದನ್ನು ಮನೆಯಲ್ಲಿ ಮಾಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಮನೆಯಲ್ಲಿ ಪಾಲಿಸಬಹುದಾದ ಕೆಲವು ಸೂಚನೆಗಳು ಇಲ್ಲಿವೆ. ನಿಮ್ಮ ಫಿಸಿಯೋಥೆರಪಿಸ್ಟರನ್ನು ಒಮ್ಮೆ ಕೇಳಿಯೇ ಆರಂಭಿಸಿ.

* ಗಟ್ಟಿಯಾದ, ಜಾರದ ಕುರ್ಚಿಯಿಂದ ಎದ್ದು ನಿಂತು ಮತ್ತೆ ಕೂರುವುದು. ಒಂದು ಸಲಕ್ಕೆ ಐದಾರರಂತೆ ಆರಂಭಿಸಿ, ದಿನದಲ್ಲಿ ಹಲವು ಸಲ ಮಾಡಿಸಿ. ನಡಿಗೆಗೆ ಬೇಕಾದ ತೊಡೆಯ ಬಲ ಬರುವುದು ಇದರಿಂದಲೇ.

* ನಡೆಸುವಾಗ ನೀವು ರೋಗಿಯ ಸೋತ ಬದಿಯಲ್ಲಿ ನಿಲ್ಲಿ. ಸೊಂಟದ ಪಟ್ಟಿ ಹಿಡಿಯಿರಿ. ಸೋತ ಕೈಯನ್ನು ಹಿಡಿದು ಎಳೆಯಲೇಬೇಡಿ. ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋವು ಉಳಿದೀತು.

* ಊರುಗೋಲು ಇರಬೇಕಾದದ್ದು ಬಲವಿರುವ ಕೈಯಲ್ಲಿ.

* ಮೆಟ್ಟಿಲು ಹತ್ತುವಾಗ ಬಲವಿರುವ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

* ಹವಾಯಿ ಚಪ್ಪಲಿ ಬೇಡ. ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ ಹಾಕಿಸಿ. ಬೆರಳು ನೆಲಕ್ಕೆ ಎಳೆಯುತ್ತಿದ್ದರೆ ಪಾದವನ್ನು ಎತ್ತಿಹಿಡಿಯುವ ಪ್ಲಾಸ್ಟಿಕ್ ಪಟ್ಟಿಯ ಬಗ್ಗೆ ವೈದ್ಯರನ್ನು ಕೇಳಿ.

* ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ನೆಲ ಒದ್ದೆಯಿರದಂತೆ ನೋಡಿಕೊಳ್ಳಿ. ಒಂದು ಬೀಳು, ಸೊಂಟದ ಮೂಳೆ ಮುರಿತ - ಆರು ತಿಂಗಳ ಶ್ರಮವೆಲ್ಲ ಅಲ್ಲಿಗೆ ಮುಗಿಯುತ್ತದೆ.

* ನಡೆಯುವಾಗ ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.

* ರೋಗಿ ಮಂಕಾಗಿ ಕುಳಿತಿದ್ದರೆ, ಊಟ ನಿದ್ದೆ ಬೇಡವೆನ್ನುತ್ತಿದ್ದರೆ, ವ್ಯಾಯಾಮಕ್ಕೆ ಒಪ್ಪದಿದ್ದರೆ ಅದನ್ನು ಸೋಮಾರಿತನ ಎನ್ನಬೇಡಿ. ಲಕ್ವದ ನಂತರ ಖಿನ್ನತೆ ಬಹಳ ಮಂದಿಗೆ ಬರುತ್ತದೆ, ಅದಕ್ಕೆ ಔಷಧವಿದೆ.

ಎರಡನೆಯ ಹೊಡೆತ ತಪ್ಪಿಸಿ

ನಡಿಗೆಯ ಚಿಂತೆಯಲ್ಲಿ ಮಾತ್ರೆ ಮರೆಯಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ ಸಿಗರೇಟು, ಹೊಗೆಸೊಪ್ಪು ಪೂರ್ತಿ ಬಿಡಬೇಕು. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು 'ಈಗ ಚೆನ್ನಾಗಿದ್ದಾರಲ್ಲ' ಎಂದು ನಿಲ್ಲಿಸಬಾರದು. ಮುಖ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಮತ್ತೆ ಕಾಣಿಸಿದರೆ ಗಡಿಯಾರ ನೋಡಿಕೊಂಡು ತಕ್ಷಣ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಧಾವಿಸಿ. ನಾಳ ಮುಚ್ಚಿದ್ದರಿಂದ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾದದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ.

ಕೊನೆಯದಾಗಿ, ನಿಮ್ಮ ಮನೆಯಲ್ಲಿ ಲಕ್ವದ ರೋಗಿ ಇದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಲಕ್ವ ಹೊಡೆದ ದಿನಕ್ಕೆ ಗುರುತು ಹಾಕಿ, ಅಲ್ಲಿಂದ ಮೂರು ತಿಂಗಳು ಎಣಿಸಿ. ಯಂತ್ರ ಸಿಗಲಿ ಸಿಗದಿರಲಿ, ವೈದ್ಯರು ಒಪ್ಪಿಗೆ ಕೊಟ್ಟ ದಿನದಿಂದ ಪ್ರತಿದಿನವೂ ಎಷ್ಟು ಸಲ ಎದ್ದು ನಿಂತರು, ಎಷ್ಟು ಹೆಜ್ಜೆ ಹಾಕಿದರು ಎಂದು ಅದೇ ಕ್ಯಾಲೆಂಡರಿನ ಮನೆಗಳಲ್ಲಿ ಬರೆಯುತ್ತ ಬನ್ನಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಔಷಧದ ಚೀಟಿಯ ಜೊತೆಗೆ ಅದನ್ನೂ ತೆಗೆದುಕೊಂಡು ಹೋಗಿ. ಯಂತ್ರ ಬೇಕೋ ಬೇಡವೋ ಎಂದು ತೀರ್ಮಾನಿಸಲು ಅವರಿಗೆ ಅದರಿಂದ ತುಂಬಾ ಸಹಾಯವಾಗುತ್ತದೆ.